ಜಗುಲಿಯ ಇಸ್ಪೀಟು, ಮಾಳಿಗೆಯ ಗೇಮು

ಕಳೆದ ಬೇಸಿಗೆಯಲ್ಲಿ ಅಕ್ಕನ ಮನೆಯಲ್ಲಿ ಒಂದು ಉಪನಯನ ಇತ್ತು. ಶಿರಸಿಯಿಂದ ಹದಿನೈದು ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಅಂಚಿನ ಮನೆ. ಮಧ್ಯಾಹ್ನದ ಊಟ ಮುಗಿಯಿತು. ಜಗುಲಿಯಲ್ಲಿ ಕಂಬಳಿ ಹಾಸಿದರು, ಕವಳದ ಬಟ್ಟಲು ನಡುವೆ ಬಂತು, ಇಸ್ಪೀಟಿನ ಕಟ್ಟು ಬಿಚ್ಚಿದರು. ಆರು ಜನ ಕೂತರು. ಮೂರು ಗಂಟೆಗೆ ಶುರುವಾದ ಆಟ ದೀಪ ಹಚ್ಚುವ ಹೊತ್ತಿಗೂ ಮುಗಿದಿರಲಿಲ್ಲ. ಎರಡು ಸಲ ಚಹಾ ಬಂತು. ಯಾರೂ ಏನೂ ಅನ್ನಲಿಲ್ಲ. ಅನ್ನುವಂಥದ್ದು ಏನೂ ಇರಲೂ ಇಲ್ಲ. ನಾನೂ ಸ್ವಲ್ಪ ಹೊತ್ತು ಕೂತು ಆಡಿದೆ, ಖುಷಿಯಾಯಿತು.

ಅದೇ ಹೊತ್ತಿಗೆ ಅಕ್ಕನ ಮಗ ಮಾಳಿಗೆಯಲ್ಲಿದ್ದ. ಬೆಳಿಗ್ಗೆ ಐದಕ್ಕೆ ಎದ್ದು ನೀರು ತುಂಬಿ, ಬಂದವರಿಗೆಲ್ಲ ಬಡಿಸಿ, ಕೊನೆಯ ಪಂಕ್ತಿಯಲ್ಲಿ ಉಂಡು ಮೇಲೆ ಹೋಗಿದ್ದ. ಫೋನ್ ಅಡ್ಡ ಹಿಡಿದು ಒಂದು ನಲವತ್ತು ನಿಮಿಷ ಗೇಮ್ ಆಡಿದ. ಕೆಳಗೆ ಎಲೆ ಹಂಚುತ್ತಿದ್ದ ಹಿರಿಯರೊಬ್ಬರು ಮಾಳಿಗೆಯ ಕಡೆ ನೋಡಿ, 'ಮಾಣಿ ಮತ್ತೆ ಗೇಮ್ ಶುರು ಮಾಡಿದ್ನಲಾ' ಎಂದರು. ಇನ್ನೊಬ್ಬರು 'ಪಾಪ, ಓದಿದ ಮಾಣಿ' ಎಂದು ತಲೆ ಆಡಿಸಿದರು. ಅಕ್ಕ ಚಹಾದ ತಟ್ಟೆ ಹಿಡಿದು ಅಲ್ಲೇ ನಿಂತಿದ್ದಳು. ಅವಳ ಮುಖ ಸಣ್ಣದಾಯಿತು.

ಆ ಮುಖ ಇನ್ನೂ ನನ್ನ ಕಣ್ಣ ಮುಂದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಒಂಬತ್ತು ವರ್ಷದಿಂದ ದಕ್ಷಿಣ ಕೊರಿಯಾದ ಸುವೊನ್‌ನಲ್ಲಿದ್ದೇನೆ. ಇಲ್ಲಿ ಪೇಟೆಯ ಬೀದಿ ಬೀದಿಗೂ ಪಿ.ಸಿ. ಬಾಂಗ್ ಇದೆ. ಬಾಂಗ್ ಅಂದರೆ ಕೋಣೆ. ಸಾಲಾಗಿ ಕಂಪ್ಯೂಟರ್ ಇಟ್ಟಿರುತ್ತಾರೆ. ಗಂಟೆಗೆ ಸಾವಿರ, ಒಂದೂವರೆ ಸಾವಿರ ವಾನ್. ನಮ್ಮ ನೂರು ರೂಪಾಯಿಯ ಒಳಗೇ. ಕೂತ ಜಾಗಕ್ಕೆ ಬಿಸಿ ನೂಡಲ್ಸ್ ತಂದುಕೊಡುತ್ತಾರೆ. ನಾನು ಕೆಲಸಕ್ಕೆ ಸೇರಿದ ಮೊದಲ ವಾರ, ರಾತ್ರಿ ಊಟ ಆದ ಮೇಲೆ ನಮ್ಮ ತಂಡದವರು ನನ್ನನ್ನು ಅಲ್ಲಿಗೇ ಕರೆದುಕೊಂಡು ಹೋದರು. ಐವತ್ತು ದಾಟಿದ ನಮ್ಮ ಮೇಲಧಿಕಾರಿ ಕೋಟು ಕಳಚಿ ಕುರ್ಚಿಗೆ ಹಾಕಿ, ತಮ್ಮ ಕಾಲದ 'ಸ್ಟಾರ್‌ಕ್ರಾಫ್ಟ್' ಆಡಲು ಕೂತರು. ಮರುದಿನ ಬೆಳಿಗ್ಗೆ ಅದೇ ಮನುಷ್ಯ ಮೀಟಿಂಗ್‌ನಲ್ಲಿ ನಮ್ಮ ಲೆಕ್ಕದ ತಪ್ಪು ಹಿಡಿಯುತ್ತಿದ್ದರು. ಅವರ ಮರ್ಯಾದೆ ಒಂದು ಕೂದಲಿನಷ್ಟೂ ಕಡಿಮೆಯಾಗಿರಲಿಲ್ಲ.

ಇದಕ್ಕೆಲ್ಲ ಒಂದು ಹಿನ್ನೆಲೆ ಇದೆ. 1997ರಲ್ಲಿ ಕೊರಿಯಾ ದೊಡ್ಡ ಆರ್ಥಿಕ ಹೊಡೆತ ತಿಂದಿತು. ಕೆಲಸ ಕಳೆದುಕೊಂಡ ಎಷ್ಟೋ ಜನ ಕೈಯಲ್ಲಿದ್ದ ದುಡ್ಡು ಹಾಕಿ ಪಿ.ಸಿ. ಬಾಂಗ್ ತೆರೆದರು. 1998ರಲ್ಲಿ 'ಸ್ಟಾರ್‌ಕ್ರಾಫ್ಟ್' ಬಂತು. ಸರ್ಕಾರ ವೇಗದ ಇಂಟರ್ನೆಟ್ ಹಾಕಿಸುತ್ತಿತ್ತು. ಟಿ.ವಿ.ಯಲ್ಲಿ ಪಂದ್ಯ ಬರತೊಡಗಿತು, 2000ದಲ್ಲಿ ಈ ಪಂದ್ಯಗಳಿಗಾಗಿ ಒಂದು ಸಂಘವೇ ಆಯಿತು. 2004ರಲ್ಲಿ ಬುಸಾನ್ ಊರಿನ ಗ್ವಾಂಗಲ್ಲಿ ಕಡಲತೀರದಲ್ಲಿ ನಡೆದ ಫೈನಲ್‌ಗೆ ಒಂದು ಲಕ್ಷ ಜನ ಸೇರಿದ್ದರು ಎಂದು ಇಲ್ಲಿಯವರು ಈಗಲೂ ಹೇಳುತ್ತಾರೆ. ಅದನ್ನು ಕೇಳಿದಾಗ ನನಗೆ ನೆನಪಾದದ್ದು ಕಾರವಾರ. ಟಾಗೋರ್ ಕಡಲತೀರದ ಮಯೂರವರ್ಮ ವೇದಿಕೆಯ ಮುಂದೆ ಕರಾವಳಿ ಉತ್ಸವಕ್ಕೆ ಸೇರುವ ಜನ. ಅಷ್ಟು ಜನ ಮರಳಿನ ಮೇಲೆ ಕೂತು ಇಬ್ಬರು ಹುಡುಗರು ಕಂಪ್ಯೂಟರ್ ಆಡುವುದನ್ನು ನೋಡಿ ಚಪ್ಪಾಳೆ ತಟ್ಟುತ್ತಾರೆ ಅಂದರೆ ನಮ್ಮೂರಲ್ಲಿ ಯಾರು ನಂಬುತ್ತಾರೆ?

ಹಾಗಂತ ಕೊರಿಯಾದವರೆಲ್ಲ ಗೇಮ್ ಆಡುವವರನ್ನು ತಲೆ ಮೇಲೆ ಹೊತ್ತುಕೊಂಡಿಲ್ಲ. ಇಲ್ಲಿಯೂ ಒಂದು ಬೈಗುಳ ಇದೆ. 'ಪೇಯಿನ್' ಅನ್ನುತ್ತಾರೆ. ಹಾಳಾಗಿ ಹೋದ ಮನುಷ್ಯ ಅಂತ ಅರ್ಥ. ಇಲ್ಲಿಯ ತಾಯಂದಿರಿಗೂ ಮಕ್ಕಳು ಓದಬೇಕು, ಒಳ್ಳೆಯ ಯೂನಿವರ್ಸಿಟಿ ಸೇರಬೇಕು ಅನ್ನುವ ಆತಂಕ ನಮಗಿಂತ ಜಾಸ್ತಿಯೇ. 2011ರಲ್ಲಿ ಒಂದು ಕಾನೂನು ತಂದರು. ಹದಿನಾರು ವರ್ಷ ಆಗದವರು ರಾತ್ರಿ ಹನ್ನೆರಡರಿಂದ ಬೆಳಿಗ್ಗೆ ಆರರವರೆಗೆ ಕಂಪ್ಯೂಟರ್‌ನಲ್ಲಿ ಆನ್‌ಲೈನ್ ಗೇಮ್ ಆಡುವಂತಿಲ್ಲ. ಆಮೇಲೆ ಮಕ್ಕಳೆಲ್ಲ ಮೊಬೈಲ್‌ಗೆ ಹೋದರು, ಕಾನೂನಿಗೆ ಅರ್ಥ ಉಳಿಯಲಿಲ್ಲ. 2022ರ ಜನವರಿಯಿಂದ ಅದನ್ನು ತೆಗೆದುಹಾಕಿದರು.

ಇನ್ನೊಂದು ಸಂಗತಿ ನನ್ನನ್ನು ಬೆಚ್ಚಿಬೀಳಿಸಿತ್ತು. ಇಲ್ಲಿ ಗಂಡುಮಕ್ಕಳಿಗೆ ಸೈನ್ಯದ ಸೇವೆ ಕಡ್ಡಾಯ. ಧರ್ಮದ ಕಾರಣಕ್ಕೆ ಬಂದೂಕು ಹಿಡಿಯಲಾರೆ ಅನ್ನುವವರಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ದಾರಿ ಮಾಡಿಕೊಟ್ಟಿತು. ಅದಾದ ಮೇಲೆ ಸರ್ಕಾರಿ ವಕೀಲರು ಇಂಥವರು ಗುಂಡು ಹಾರಿಸುವ ಗೇಮ್‌ಗಳಲ್ಲಿ ಖಾತೆ ಇಟ್ಟಿದ್ದಾರೋ ಎಂದು ಹುಡುಕತೊಡಗಿದರು. ಪರದೆಯ ಮೇಲೆ ಗುಂಡು ಹಾರಿಸುವವನ ನಂಬಿಕೆ ಸುಳ್ಳಿರಬೇಕು ಅನ್ನುವ ಲೆಕ್ಕ. ನಮ್ಮ ಯಕ್ಷಗಾನದಲ್ಲಿ ಭಸ್ಮಾಸುರನ ವೇಷ ಕಟ್ಟಿದವನನ್ನು ಯಾರಾದರೂ ಮನೆಗೆ ಬೆಂಕಿ ಹಚ್ಚುವವ ಅಂದುಕೊಳ್ಳುತ್ತಾರಾ?

ಆದರೂ ಇಲ್ಲಿಗೂ ನಮ್ಮೂರಿಗೂ ಒಂದು ದೊಡ್ಡ ವ್ಯತ್ಯಾಸ ಕಂಡಿದ್ದೇನೆ. ಇಲ್ಲಿಯ ಜನ ಗೇಮನ್ನು ನೋಡಿದ್ದಾರೆ. ಮೆಚ್ಚದವರೂ ನೋಡಿದ್ದಾರೆ. ಸುಮ್ನೆ ಹೊತ್ತು ಕಳೆಯಲು ಆಡುವವನು ಬೇರೆ, ಸಂಬಳಕ್ಕೆ ಆಡುವವನು ಬೇರೆ, ಊಟ ನಿದ್ದೆ ಬಿಟ್ಟು ಬಿದ್ದುಕೊಂಡವನು ಬೇರೆ, ದುಡ್ಡು ಕಟ್ಟಿ ಕಳೆದುಕೊಳ್ಳುವವನು ಬೇರೆ ಅಂತ ಅವರಿಗೆ ಗೊತ್ತು. 'ಫೇಕರ್' ಎಂದು ಹೆಸರಾದ ಲೀ ಸಾಂಗ್-ಹ್ಯೋಕ್ 2013ರಲ್ಲಿ ಹೈಸ್ಕೂಲು ಬಿಟ್ಟು ಆಟಕ್ಕೆ ಇಳಿದವರು. 2023ರಲ್ಲಿ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಂಪ್ಯೂಟರ್ ಗೇಮ್‌ಗೆ ಚಿನ್ನ ಗೆದ್ದ ಕೊರಿಯಾ ತಂಡದಲ್ಲಿ ಅವರೂ ಇದ್ದರು. ಓಟದಲ್ಲಿ, ಬಿಲ್ಲುಗಾರಿಕೆಯಲ್ಲಿ ಚಿನ್ನ ಗೆದ್ದವರಿಗೆ ಸೈನ್ಯದ ಸೇವೆಯಿಂದ ಸಿಗುವ ವಿನಾಯಿತಿ ಈ ತಂಡದವರಿಗೂ ಸಿಕ್ಕಿತು. ಅವರ ಮುಖ ಗುರುತಿಸುವ ಅಜ್ಜಿಯರು ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಇದ್ದಾರೆ.

ನಮ್ಮಲ್ಲಿ ಎಲ್ಲದಕ್ಕೂ ಒಂದೇ ಶಬ್ದ. 'ಗೇಮ್.'

ನಮ್ಮ ಹವ್ಯಕ ಮಾತಿನಲ್ಲಿ ವಾಕ್ಯದ ಕೊನೆಗೆ ಒಂದು 'ಡ' ಸೇರುತ್ತದೆ. ಉಳಿದ ಕಡೆಯ ಕನ್ನಡದವರು 'ಅಂತೆ' ಅನ್ನುವಲ್ಲಿ ನಾವು 'ಬಂದಿದ್ನಡ', 'ಹೇಳಿದ್ನಡ' ಅನ್ನುತ್ತೇವೆ. ನಾನು ಕಂಡಿಲ್ಲ, ಯಾರೋ ಹೇಳಿದ್ದು ಅನ್ನುವ ಪ್ರಾಮಾಣಿಕತೆ ಆ ಒಂದು ಅಕ್ಷರದಲ್ಲಿದೆ. ಆದರೆ ಮಾತು ಮೂರು ಮನೆ ದಾಟುವಷ್ಟರಲ್ಲಿ ಆ 'ಡ' ಉದುರಿಹೋಗುತ್ತದೆ. 'ಗೇಮ್ ಆಡ್ತ್ನಡ' ಅನ್ನುವುದು 'ಗೇಮ್ ಆಡ್ತ' ಆಗುತ್ತದೆ, ಆಮೇಲೆ 'ಗೇಮ್ ಆಡುವ ಮಾಣಿ' ಆಗುತ್ತದೆ. ಅಷ್ಟಾದರೆ ಮುಗಿಯಿತು. ಅವನು ಇಂಜಿನಿಯರು, ಮನೆಯಿಂದಲೇ ಬೆಂಗಳೂರಿನ ಕಂಪನಿಯ ಕೆಲಸ ಮಾಡುತ್ತಾನೆ, ಕೊಯ್ಲಿನ ಹೊತ್ತಿಗೆ ಅಪ್ಪನ ಜೊತೆ ಅಡಿಕೆ ಸುಲಿಯಲು ಕೂರುತ್ತಾನೆ ಅನ್ನುವುದು ಯಾವುದೂ ಲೆಕ್ಕಕ್ಕಿಲ್ಲ.

ಹೋದ ವರ್ಷ ಕುಮಟಾ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಜಾತಕ ಕೂಡಿತ್ತು. ಎರಡೂ ಮನೆಯವರು ಮಾತಾಡಿದ್ದರು. ಒಂದು ದಿನ ಆ ಕಡೆಯಿಂದ ಫೋನ್ ನಿಂತಿತು. ನಮ್ಮ ಕಡೆ ತೋಟ ನೋಡಿಕೊಂಡು ಊರಲ್ಲೇ ಇರುವ ಗಂಡುಮಕ್ಕಳಿಗೆ ಹೆಣ್ಣು ಸಿಗುವುದು ಎಷ್ಟು ಕಷ್ಟ ಅಂತ ಶಿರಸಿ, ಸಿದ್ದಾಪುರದ ಯಾವ ಮನೆಗೂ ಹೇಳಬೇಕಾಗಿಲ್ಲ. ಭಾವ ಕಾರಣ ಕೇಳಲೂ ಹಿಂಜರಿದರು. ಬಹಳ ದಿನ ಆದ ಮೇಲೆ ಒಂದು ಮದುವೆ ಮನೆಯಲ್ಲಿ ಆ ಹುಡುಗಿಯ ತಂದೆ ನನಗೆ ಸಿಕ್ಕರು. ಒಳ್ಳೆಯ ಮನುಷ್ಯ. ಅವರೇ ಮಾತು ತೆಗೆದರು. 'ನಮ್ಮ ಪಕ್ಕದ ಊರಲ್ಲಿ ಒಬ್ಬ ಹುಡುಗ ಮೊಬೈಲ್ ರಮ್ಮಿಯಲ್ಲಿ ಲಕ್ಷಗಟ್ಟಲೆ ಸಾಲ ಮಾಡಿಕೊಂಡಿದ್ದ. ಇವನೂ ಗೇಮ್ ಆಡ್ತಾನೆ ಅಂತ ಕೇಳಿದೆವು. ಹೆದರಿಕೆ ಆಯ್ತು' ಎಂದರು.

ಅವರ ಹೆದರಿಕೆ ಸುಳ್ಳಲ್ಲ. ಮಗಳ ತಂದೆ ಹೆದರಬೇಕಾದದ್ದೇ. ಆದರೆ ನಮ್ಮ ಮಾಣಿ ಒಂದು ದಿನವೂ ದುಡ್ಡಿನ ಆಟ ಆಡಿದವನಲ್ಲ. ಅವನು ಆಡುವುದು ನಾಲ್ಕು ಜನರ ತಂಡದ ಆಟ, ಪಬ್‌ಜಿಯ ಭಾರತದ ರೂಪ. ಕರಾವಳಿಯಲ್ಲಿ ಮಟ್ಕಾ ಚೀಟಿ ಬರೆಸುವವನನ್ನೂ ವಾಲಿಬಾಲ್ ಆಡುವವನನ್ನೂ ಒಂದೇ ತಕ್ಕಡಿಯಲ್ಲಿ ಯಾರೂ ಇಡುವುದಿಲ್ಲ. ಜಗುಲಿಯ ಇಸ್ಪೀಟು ಬೇರೆ, ದುಡ್ಡು ಕಟ್ಟುವ ಅಂದರ್-ಬಾಹರ್ ಬೇರೆ ಅಂತ ನಮ್ಮ ಹತ್ತು ವರ್ಷದ ಮಕ್ಕಳಿಗೂ ಗೊತ್ತು. ಮೊಬೈಲ್ ಅಂದ ಕೂಡಲೇ ಮಾತ್ರ ಈ ತಿಳಿವಳಿಕೆ ಎಲ್ಲಿ ಹೋಗುತ್ತದೆ? ದೇಶದ ಕಾನೂನು ಕೂಡ ಈಗ ಈ ಗೆರೆ ಎಳೆದಿದೆ. 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸನ್ನು, ಅಂದರೆ ಪಂದ್ಯವಾಗಿ ಆಡುವ ಗೇಮ್‌ಗಳನ್ನು, ಕೇಂದ್ರದ ಕ್ರೀಡಾ ಇಲಾಖೆಯ ಅಡಿಗೆ ತಂದರು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾನೂನು ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಇ-ಸ್ಪೋರ್ಟ್ಸಿಗೆ ಬೆಂಬಲ ಕೊಡಬೇಕು ಎಂದಿತು. ದಿಲ್ಲಿ ಎಳೆದ ಈ ಗೆರೆ ನಮ್ಮ ಜಗುಲಿಯವರೆಗೆ ಇನ್ನೂ ಬಂದಿಲ್ಲ.

ಪಬ್‌ಜಿಯ ಮಾತೇ ನೋಡಿ. ಅದನ್ನು 2017ರಲ್ಲಿ ಹೊರತಂದದ್ದು ಇದೇ ಕೊರಿಯಾದ ಕಂಪನಿ. 2019ರಲ್ಲಿ ನಮ್ಮ ಪಕ್ಕದ ಬೆಳಗಾವಿ ಜಿಲ್ಲೆಯಲ್ಲಿ ನಡೆದ ಒಂದು ಭೀಕರ ಕೊಲೆಯ ಜೊತೆ ಈ ಆಟದ ಹೆಸರು ಸೇರಿಕೊಂಡಿತು. ಅಲ್ಲಿಂದ ಪಬ್‌ಜಿ ಅಂದರೆ ಹುಚ್ಚು ಅನ್ನುವ ಮಾತು ಮನೆಮನೆಗೆ ಹೋಯಿತು. 2020ರ ಸೆಪ್ಟೆಂಬರ್ 2ರಂದು ಸರ್ಕಾರ ಅದೂ ಸೇರಿ 118 ಆ್ಯಪ್‌ಗಳನ್ನು ನಿಷೇಧಿಸಿದಾಗ ಊರಿನವರು 'ಮಕ್ಕಳು ಹಾಳಾಗ್ತಾರೆ ಅಂತ ಸರ್ಕಾರವೇ ಬಂದ್ ಮಾಡ್ತು' ಅಂದುಕೊಂಡರು. ಸರ್ಕಾರ ಹೇಳಿದ ಕಾರಣ ಅದಲ್ಲ. ಜನರ ಮಾಹಿತಿ ದೇಶದ ಹೊರಗೆ ಹೋಗುತ್ತದೆ, ದೇಶದ ಭದ್ರತೆಗೆ ತೊಂದರೆ ಅನ್ನುವುದು ಕಾರಣ. ಮುಂದೆ 2021ರಲ್ಲಿ ಹೊಸ ಹೆಸರಲ್ಲಿ ಅದೇ ಆಟ ಬಂತು. ಹೆಸರು ಬದಲಾಯಿತು, ಆಡುವವರ ಮೇಲೆ ಬಿದ್ದ ಮಸಿ ಹಾಗೇ ಉಳಿಯಿತು.

ಅದೇ 2020ರಲ್ಲಿ ನಮ್ಮ ಮಾಣಿ ಇಂಜಿನಿಯರಿಂಗ್ ಓದುತ್ತಿದ್ದ. ಕಾಲೇಜು ಮುಚ್ಚಿತ್ತು. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಆ ಮಳೆಗಾಲವಿಡೀ ಕೊಡೆ ಹಿಡಿದು ಗುಡ್ಡ ಹತ್ತಿ, ಒಂದು ಪ್ಲಾಸ್ಟಿಕ್ ಕಟ್ಟಿದ ಚಪ್ಪರದ ಕೆಳಗೆ ಕೂತು ಕ್ಲಾಸ್ ಕೇಳಿದ. ಉಂಬಳ ಕಚ್ಚಿ ಕಾಲೆಲ್ಲ ರಕ್ತ. ಮೇಷ್ಟರು ಬೋರ್ಡ್ ಮೇಲೆ ಬರೆದದ್ದು ಕಾಣಬೇಕಲ್ಲ, ಫೋನ್ ಅಡ್ಡ ಹಿಡಿಯುತ್ತಿದ್ದ. ಕೆಳಗಿನ ದಾರಿಯಲ್ಲಿ ಹೋಗುವವರಿಗೆ ಕಂಡದ್ದು ಅಷ್ಟೇ. ಫೋನ್ ಅಡ್ಡ ಹಿಡಿದವ ಅಂದರೆ ಗೇಮ್ ಆಡುವವ. ಅವನ ಮೇಲೆ ಈ ಹೆಸರು ಮೊದಲು ಬಿದ್ದದ್ದು ಆ ಗುಡ್ಡದ ಮೇಲೆ, ಅವನು ಗಣಿತ ಕಲಿಯುತ್ತಿದ್ದಾಗ.

ಉಪನಯನದ ರಾತ್ರಿ ನೆಂಟರೆಲ್ಲ ಮಲಗಿದ ಮೇಲೆ ನಾನು ಮಾಳಿಗೆಗೆ ಹೋಗಿ ಅವನ ಪಕ್ಕ ಕೂತೆ. 'ಆಡು, ನಾ ನೋಡ್ತೆ' ಎಂದೆ. ಒಂದು ಕ್ಷಣ ನನ್ನ ಮುಖ ನೋಡಿದ. ಬೈಯಲು ಬಂದದ್ದಲ್ಲ ಅಂತ ಖಾತ್ರಿಯಾದ ಮೇಲೆ ಒಂದು ಇಯರ್‌ಫೋನ್ ನನ್ನ ಕಿವಿಗೆ ಕೊಟ್ಟ.

ನೂರು ಜನ ಒಂದು ದ್ವೀಪಕ್ಕೆ ಇಳಿಯುತ್ತಾರೆ. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ನಕ್ಷೆ. ಸುತ್ತಲಿನ ವೃತ್ತ ಹೊತ್ತು ಹೋದ ಹಾಗೆ ಚಿಕ್ಕದಾಗುತ್ತ ಬರುತ್ತದೆ, ಹೊರಗೆ ಉಳಿದವನು ಸಾಯುತ್ತಾನೆ. ಇವನು ತಂಡದ ಮುಂದಾಳು. ಉಳಿದ ಮೂವರಲ್ಲಿ ಒಬ್ಬ ಅಂಕೋಲಾದವನು, ಒಬ್ಬ ಹುಬ್ಬಳ್ಳಿ, ಇನ್ನೊಬ್ಬ ಎಲ್ಲೋ ಮಹಾರಾಷ್ಟ್ರದ ಹುಡುಗ. 'ಎಡಗಡೆ ಗೋಡೆ ಹಿಂದೆ ಇಬ್ಬರು ಇದ್ದಾರೆ. ಈಗಲೇ ಹೊಡೀಬೇಡ, ವೃತ್ತ ಬರಲಿ, ಅವರೇ ಹೊರಗೆ ಬರ್ತಾರೆ' ಅನ್ನುತ್ತಿದ್ದ. ದನಿ ಏರಲಿಲ್ಲ. ಅಂಕೋಲಾದ ಹುಡುಗ ಬಿದ್ದ. ಇವನು ಹೊಗೆ ಎಸೆದು, ಆ ಹೊಗೆಯ ಒಳಗೆ ಹೋಗಿ, ಅವನನ್ನು ಎತ್ತಿ ನಿಲ್ಲಿಸಿದ. ಅಷ್ಟರಲ್ಲಿ ತಾನೇ ಗುಂಡು ತಿಂದ. 'ನನ್ನ ಬಿಡಿ, ನೀವು ಮುಂದೆ ಹೋಗಿ, ಗುಡ್ಡದ ಬಲಗಡೆಯಿಂದ' ಎಂದ. ಮೂರನೇ ಸ್ಥಾನ ಬಂತು. ಆಮೇಲೆ ಹತ್ತು ನಿಮಿಷ ನಾಲ್ವರೂ ಎಲ್ಲಿ ತಪ್ಪಾಯಿತು ಅಂತ ಮಾತಾಡಿದರು. ಅಂಕೋಲಾದವನು 'ತಪ್ಪು ನಂದು' ಅಂದ. ಇವನು 'ಅಲ್ಲ, ನಾನೇ ತಡ ಮಾಡಿ ಹೇಳಿದೆ' ಅಂದ.

ನಮ್ಮ ಕಂಪನಿಯಲ್ಲಿ ಹೀಗೆ ಮಾತಾಡುವುದನ್ನು ಕಲಿಸಲು ದುಡ್ಡು ಕೊಟ್ಟು ತರಬೇತಿ ಇಡುತ್ತಾರೆ. ಕಲಿತವರು ಕಡಿಮೆ.

ಈ ಹುಡುಗ ಹೊಸ ಕೆಲಸಕ್ಕೆ ಅರ್ಜಿ ಹಾಕುವಾಗ ತನ್ನ ಬಯೋಡೇಟಾದಲ್ಲಿ ಒಂದು ಸಾಲು ಬರೆದಿದ್ದ. ಕಾಲೇಜಿನಲ್ಲಿ ಮೂವತ್ತೆರಡು ತಂಡಗಳ ಇ-ಸ್ಪೋರ್ಟ್ಸ್ ಪಂದ್ಯಾವಳಿ ನಡೆಸಿದ್ದು, ತನ್ನ ತಂಡದ ನಾಯಕನಾಗಿದ್ದು. ಅದರ ಮೇಲಿನ ಸಾಲು ತಾಲೂಕು ಮಟ್ಟದ ವಾಲಿಬಾಲ್. ಸಂದರ್ಶನ ಮಾಡಿದವರು ವಾಲಿಬಾಲ್ ಬಗ್ಗೆ ಖುಷಿಯಿಂದ ಕೇಳಿದರಂತೆ. ಕೆಳಗಿನ ಸಾಲು ನೋಡಿ 'ಇದನ್ನು ತೆಗೆದುಬಿಡಿ, ನೋಡಿದವರು ಕೆಲಸ ಮಾಡಲ್ಲ ಅಂದುಕೊಳ್ತಾರೆ' ಎಂದರಂತೆ. ಅವರು ಒಳ್ಳೆಯದಕ್ಕೇ ಹೇಳಿರಬೇಕು. ಇಲ್ಲಿ ಕೊರಿಯಾದಲ್ಲೂ ಸಂದರ್ಶನಕ್ಕೆ ಹೋಗಿ 'ನಾನು ಗೇಮರ್' ಅಂತ ಎದೆ ತಟ್ಟಿ ಹೇಳುವವರು ಕಡಿಮೆಯೇ. ಆದರೆ ಪಂದ್ಯಾವಳಿ ನಡೆಸುವುದು ಏನು ಸಾಮಾನ್ಯ ಕೆಲಸವಾ? ಮೂವತ್ತೆರಡು ತಂಡ ಅಂದರೆ ನೂರಾ ಇಪ್ಪತ್ತೆಂಟು ಜನ. ವೇಳಾಪಟ್ಟಿ, ಜಗಳ, ಕರೆಂಟು, ಇಂಟರ್ನೆಟ್ಟು, ಪ್ರಾಯೋಜಕರು. ವಾಲಿಬಾಲ್ ಪಂದ್ಯ ನಡೆಸಿದವನಿಗೆ ಊರಿನಲ್ಲಿ ಶಾಲು ಹೊದೆಸುತ್ತೇವೆ.

ಅಮೆರಿಕದಲ್ಲಿ 2007ರಲ್ಲಿ ಪ್ರಕಟವಾದ ಒಂದು ಅಧ್ಯಯನ ಇದೆ. ಮೂವತ್ಮೂರು ಸರ್ಜನ್‌ಗಳನ್ನು ನೋಡಿದ್ದರು. ಹಿಂದೆ ವಾರಕ್ಕೆ ಮೂರು ಗಂಟೆಗಿಂತ ಜಾಸ್ತಿ ವಿಡಿಯೋ ಗೇಮ್ ಆಡಿದ್ದವರು ಲ್ಯಾಪರೊಸ್ಕೋಪಿಯ, ಅಂದರೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಶಸ್ತ್ರಚಿಕಿತ್ಸೆಯ, ಕೈಚಳಕದ ಪರೀಕ್ಷೆಯಲ್ಲಿ ಶೇ. 37ರಷ್ಟು ಕಡಿಮೆ ತಪ್ಪು ಮಾಡಿದರು, ಶೇ. 27ರಷ್ಟು ಬೇಗ ಮುಗಿಸಿದರು. ಗೇಮ್ ಆಡಿದವರೆಲ್ಲ ಒಳ್ಳೆಯ ಡಾಕ್ಟರ್ ಆಗುತ್ತಾರೆ ಅಂತ ಇದರ ಅರ್ಥ ಅಲ್ಲ. ಚಿಕ್ಕ ಅಧ್ಯಯನ ಅದು. ಗೇಮ್ ಆಡಿದವನ ಕೈ, ಕಣ್ಣು, ತಲೆ ಸುಮ್ಮನೆ ಕೊಳೆಯುತ್ತವೆ ಅನ್ನುವುದಂತೂ ಸುಳ್ಳು.

ಈ ಕೆಟ್ಟ ಹೆಸರಿನಲ್ಲಿ ಆಡುವವರ ಪಾಲೂ ಇದೆ. ಇದನ್ನು ಹೇಳದೇ ಇದ್ದರೆ ನಾನು ಪ್ರಾಮಾಣಿಕನಲ್ಲ. ಮೈಕ್‌ನಲ್ಲಿ ಗುರುತಿಲ್ಲದವರು ಆಡುವ ಮಾತು ಕೇಳಿದ್ದೀರಾ? ಅಮ್ಮ ಅಕ್ಕ ಅನ್ನದೆ ಬೈಗುಳ. ಅಡುಗೆಮನೆಯಲ್ಲಿ ದೋಸೆ ಹೊಯ್ಯುವ ತಾಯಿಗೆ ಆಟ ಕಾಣುವುದಿಲ್ಲ, ಆ ಬೈಗುಳ ಮಾತ್ರ ಕೇಳುತ್ತದೆ. ಅವಳು ಆ ಆಟವನ್ನು ಹೇಗೆ ಮೆಚ್ಚಬೇಕು? ಕುಮಟಾದಲ್ಲಿರುವ ನನ್ನ ಚಿಕ್ಕಪ್ಪನ ಮಗಳು ತುಂಬಾ ಚೆನ್ನಾಗಿ ಆಡುತ್ತಾಳೆ. ಒಂದು ದಿನವೂ ಮೈಕ್ ಹಾಕುವುದಿಲ್ಲ. ದನಿ ಹುಡುಗಿಯದು ಅಂತ ಗೊತ್ತಾದರೆ ಏನು ಬರುತ್ತದೆ ಅಂತ ಅವಳಿಗೆ ಗೊತ್ತು. ಗಂಡಿನ ಹೆಸರಿಟ್ಟುಕೊಂಡು, ಬಾಯಿ ಮುಚ್ಚಿಕೊಂಡು ಆಡುತ್ತಾಳೆ. ಹುಡುಗರಿಗೆ ಊರು ಹೆಸರು ಇಟ್ಟರೆ ಹುಡುಗಿಯರಿಗೆ ಊರೂ ಇಡುತ್ತದೆ, ಆ ಹುಡುಗರೂ ಇಡುತ್ತಾರೆ. ಇಲ್ಲಿಯ ಕಿಮ್ ಸೆ-ಯೋನ್ ಅನ್ನುವ ಆಟಗಾರ್ತಿಗೆ 2016ರಲ್ಲಿ ಆದದ್ದೂ ಇದೇ. 'ಗೆಗುರಿ' ಎಂಬ ಹೆಸರಲ್ಲಿ ಆಡುತ್ತಿದ್ದವರು. ಗುರಿ ಅಷ್ಟು ಚೆನ್ನಾಗಿರಲು ಸಾಧ್ಯವೇ ಇಲ್ಲ, ಮೋಸ ಮಾಡುತ್ತಿದ್ದಾಳೆ ಎಂದರು. ಕೈಯ ಮೇಲೆ ಕ್ಯಾಮೆರಾ ಇಟ್ಟು ಎಲ್ಲರ ಮುಂದೆ ಆಡಿ ತೋರಿಸಬೇಕಾಯಿತು. ಎರಡು ವರ್ಷದ ಮೇಲೆ 'ಓವರ್‌ವಾಚ್' ಅನ್ನುವ ಗೇಮಿನ ಲೀಗ್‌ನಲ್ಲಿ ಮೊದಲ ಮಹಿಳಾ ಆಟಗಾರ್ತಿ ಆದರು. ತಂಗಿಗೆ ಇದನ್ನು ಹೇಳಿದೆ. 'ಅಣ್ಣ, ನಂಗೆ ಲೀಗ್ ಬೇಡ, ಸುಮ್ನೆ ಆಡೋಕೆ ಬಿಟ್ರೆ ಸಾಕು' ಎಂದಳು.

ಚಟವೂ ನಿಜ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಿದೆ, 2022ರಿಂದ ಜಾರಿಯಲ್ಲಿದೆ. ಆದರೆ ಅವರು ಹೇಳುವುದನ್ನು ಸರಿಯಾಗಿ ಕೇಳಬೇಕು. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲ ಕೆಲಸಕ್ಕಿಂತ ಅದೇ ಮುಖ್ಯವಾಗಿರಬೇಕು, ಬದುಕಿಗೆ ಪೆಟ್ಟು ಬಿದ್ದರೂ ಬಿಡದೆ ಮುಂದುವರಿದಿರಬೇಕು, ಅದೂ ಸಾಮಾನ್ಯವಾಗಿ ಒಂದು ವರ್ಷ. ಅಂಥ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ 'ಶಟ್' ಅನ್ನುವ ಕ್ಲಿನಿಕ್ ಇದೆ. ಅಂಥ ಮಗು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕರೆದುಕೊಂಡು ಹೋಗಿ. ಎಲ್ಲ ಆಡುವವರನ್ನೂ ಹಾಳಾದವರು ಅಂದರೆ, ನಿಜವಾಗಿ ಮುಳುಗುತ್ತಿರುವವನು ಕೈ ಎತ್ತಿದಾಗ ನಮಗೆ ಕಾಣುವುದೇ ಇಲ್ಲ.

ನಮ್ಮೂರಲ್ಲಿ 'ಆಟ' ಅಂದರೆ ಯಕ್ಷಗಾನ. 'ಇವತ್ತು ಇಡಗುಂಜಿಯಲ್ಲಿ ಆಟ ಇದ್ದಡ' ಅಂದರೆ ಯಾರೂ ಯಾವ ಆಟ ಅಂತ ಕೇಳುವುದಿಲ್ಲ. ನನ್ನ ಅಜ್ಜ ಹೇಳುತ್ತಿದ್ದರು, ಅವರ ಕಾಲದಲ್ಲಿ ಮೇಳ ಸೇರಿದವನಿಗೆ ಹೆಣ್ಣು ಕೊಡಲು ಜನ ಹಿಂದೆಮುಂದೆ ನೋಡುತ್ತಿದ್ದರಂತೆ. ರಾತ್ರಿಯಿಡೀ ಕುಣಿಯುವವ, ಹಗಲೆಲ್ಲ ನಿದ್ದೆ ಮಾಡುವವ, ಮನೆಗೆ ಆಗಿಬರುವವನಲ್ಲ. ಗೇಮ್ ಆಡುವವನ ಬಗ್ಗೆ ಈಗ ಹೇಳುವ ಮಾತು ಅಕ್ಷರ ಬದಲಾಗದೆ ಅದೇ! ಅಂಥ ಆಟದವರಲ್ಲೇ ಒಬ್ಬರು, ಹೊನ್ನಾವರ ಸೀಮೆಯ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂದ ದಿನ ಇಡೀ ಜಿಲ್ಲೆ ತನ್ನದೇ ಮನೆಯ ಹಬ್ಬ ಅಂದುಕೊಂಡಿತ್ತು. ಗೇಮೂ ಯಕ್ಷಗಾನವೂ ಒಂದೇ ಅಂತ ನಾನು ಹೇಳುತ್ತಿಲ್ಲ, ಖಂಡಿತ ಅಲ್ಲ. ಆದರೆ ಯಕ್ಷಗಾನಕ್ಕೆ ಆ ಗೌರವ ಬಂದದ್ದು ಜನ ರಾತ್ರಿಯಿಡೀ ಎದುರು ಕೂತು ನೋಡಿದ್ದರಿಂದ.

ನಾನು ಸುವೊನ್‌ಗೆ ವಾಪಸಾಗುವ ಮೊದಲು ಭಾವನ ಹತ್ತಿರ ಒಂದೇ ಮಾತು ಕೇಳಿಕೊಂಡೆ. ಒಂದು ಸಲ ಅವನ ಪಕ್ಕ ಕೂತು ನೋಡಿ, ಆಮೇಲೆ ಏನು ಬೇಕಾದರೂ ಅನ್ನಿ. ಭಾವ ಹೂಂ ಅನ್ನಲಿಲ್ಲ, ಇಲ್ಲ ಅನ್ನಲೂ ಇಲ್ಲ. ಮಾಣಿಗೆ ಹೇಳಿದೆ, ಬಯೋಡೇಟಾದ ಆ ಸಾಲು ತೆಗೆಯಬೇಡ ಅಂತ. ತೆಗೆದಿಲ್ಲ. ಹೊಸ ಕೆಲಸ ಇನ್ನೂ ಸಿಕ್ಕಿಲ್ಲ, ಹುಡುಕುತ್ತಿದ್ದಾನೆ.

ಹೋದ ಭಾನುವಾರ ಸಂಜೆ ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಅಕ್ಕನಿಗೆ ಮಾಡಿದೆ. ಹಿಂದೆಲ್ಲ ಇಂಥ ಹೊತ್ತಲ್ಲಿ ಅವಳು ದನಿ ತಗ್ಗಿಸಿ 'ಅಂವ ಎಂತೋ ಕೆಲಸದಲ್ಲಿದ್ದ' ಅನ್ನುತ್ತಿದ್ದಳು. ಈ ಸಲ ಹಿಂದೆ ಭಾವ ಯಾರಿಗೋ 'ಬಲಗಡೆ, ಬಲಗಡೆ' ಅನ್ನುವುದು ಕೇಳಿಸುತ್ತಿತ್ತು. ಅಕ್ಕ ಎಂದಳು, 'ಮಾಣಿಗೆ ಏಳರ ಮೇಲೆ ಫೋನ್ ಮಾಡು. ಈಗ ಆಟ ಇದ್ದು.'